ಕಪ್ಪೆಯೊಳಗೆ ಕೂತು ಗಂಡನನ್ನು ಬಿಟ್ಟದ್ದು

ಇವತ್ತು ಗಂಡನನ್ನು ಬಿಟ್ಟು ಹೋಗುವುದು ಖಂಡಿತ ಎಂದು ಆರ್ಡಿತ್ ಬೆಳಗಿನ ಕಾಫಿಗೆ ಮೊದಲೇ ತೀರ್ಮಾನಿಸಿದಳು. ಕಾಫಿ ಕುಡಿದ ಮೇಲೂ ತೀರ್ಮಾನ ಬದಲಾಗಲಿಲ್ಲ. ಆದ್ದರಿಂದ ಇದು ಹೊಟ್ಟೆ ಖಾಲಿಯಿದ್ದಾಗ ಬರುವ ಸಿಟ್ಟಲ್ಲ, ಅಪ್ಪಟ ಸಿಟ್ಟು ಎಂಬುದು ಅವಳಿಗೆ ಖಾತ್ರಿಯಾಯಿತು.

ರಾತ್ರಿ ಗಾಡಿ ನಿಲ್ಲಿಸಿದ್ದ ತಂಗುದಾಣದ ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಯಾರಿಗೂ ಮಾತು ಕೇಳಿಸದಿರಲೆಂದು ಖಾಲಿ ಯಂತ್ರವೊಂದನ್ನು ತಿರುಗಲು ಬಿಟ್ಟು, ನೆಬ್ರಾಸ್ಕದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದಳು.

"ಲವೋನ್, ಹಿಂದಿನ ಕೋಣೆ ಖಾಲಿ ಮಾಡಿಡು. ನಾನು ಬರ್ತಿದೀನಿ."

"ಕ್ರಿಸ್‌ಮಸ್‌ಗೆ ಮೊದಲೂ ಬರ್ತೀನಿ ಅಂದಿದ್ದೆ. ನಾನು ಹಾಸಿಗೆಗೆ ಹೊಸ ಹೊದಿಕೆ ಬೇರೆ ತಂದಿಟ್ಟೆ."

"ಆವಾಗ ಸುಮ್ನೆ ಹೆದರಿಸಿದ್ದು. ಈಗ ಮಾಡಿ ತೋರಿಸ್ತೀನಿ. ನಾಳೆ ಇಷ್ಟು ಹೊತ್ತಿಗೆ ಆ ಮನುಷ್ಯನಿಗೂ ನನಗೂ ನಡುವೆ ಒಂದು ಇಡೀ ರಾಜ್ಯ ಇರುತ್ತೆ, ನೋಡ್ತಿರು!"

"ಯಾವ ರಾಜ್ಯ?"

"ಕೊಲೊರಾಡೊ!" ಎಂದು ಆರ್ಡಿತ್ ಘೋಷಿಸಿದಳು, ಆ ರಾಜ್ಯವನ್ನು ತಾನೇ ಗೆದ್ದವಳಂತೆ.

ಸಂಸಾರದ ಬಂಡಿ ಎಳೆಯುವುದು ಎಂದು ಎಲ್ಲರೂ ಮಾತಿಗೆ ಹೇಳುತ್ತಾರೆ. ಆರ್ಡಿತ್‌ಳದು ಮಾತಿನ ಬಂಡಿಯಲ್ಲ, ಹತ್ತು ಟನ್ ತೂಕದ ಬಂಡಿ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಗಂಡ ಹಾಲಿಸ್, ಇದ್ದ ಮನೆಯನ್ನು ಮಾರಿ, ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲ ಇರುವ ದೊಡ್ಡದೊಂದು ಗಾಡಿಮನೆ ಕೊಂಡಿದ್ದ. ಅಂದಿನಿಂದ ಇಬ್ಬರೂ ಅದರಲ್ಲೇ ವಾಸ. ಅಂಗಡಿಗೆ, ಔಷಧಿಗೆ ಅಷ್ಟು ದೊಡ್ಡ ಗಾಡಿ ತೆಗೆದುಕೊಂಡು ಹೋಗಲಾಗುವುದಿಲ್ಲವಾದ್ದರಿಂದ ಹಿಂದೆ ಆರ್ಡಿತ್‌ಳ ಪುಟ್ಟ ಹಸಿರು ಕಾರನ್ನು ಕಟ್ಟಿಕೊಂಡು ಎಳೆದೊಯ್ಯುತ್ತಿದ್ದರು. ಹೀಗೆ ಎಳೆಸಿಕೊಂಡು ಬರುವ ಕಾರಿಗೆ ಗಾಡಿಮನೆಯವರೆಲ್ಲ 'ಟೋಡ್' ಎನ್ನುತ್ತಾರೆ. ಎಳೆದದ್ದು ಎಂದರೂ ಅವರ ಇಂಗ್ಲಿಷಿನಲ್ಲಿ ಅದೇ ಸದ್ದು, ಕಪ್ಪೆ ಎಂದರೂ ಅದೇ ಸದ್ದು. ಆರ್ಡಿತ್‌ಳ ಕಾರು ಬಣ್ಣದಲ್ಲೂ ಕಪ್ಪೆಯೇ ಆಗಿದ್ದರಿಂದ ಹಾಲಿಸ್‌ಗೆ ಈ ನಗೆಚಟಾಕಿ ಎಂದೂ ಹಳತಾಗಲಿಲ್ಲ.

ಕಪ್ಪೆ ಕಟ್ಟಿಕೊಂಡ ಗಾಡಿಗೆ ಒಂದು ಶಾಪವಿದೆ. ಅದು ಮುಂದಕ್ಕೆ ಮಾತ್ರ ಹೋಗಬಲ್ಲದು. ಒಂದು ಗೇಣು ಹಿಂದಕ್ಕೆ ಹೋದರೂ ಕಾರಿನ ಮುಂದಿನ ಗಾಲಿಗಳು ಸೊಟ್ಟಗೆ ತಿರುಗಿ, ನಡುವಿನ ಕಬ್ಬಿಣದ ತೋಳು ಬಿಗಿದು, ಪಿನ್ನುಗಳು ಅಲುಗಾಡದೆ ಕಚ್ಚಿಕೊಳ್ಳುತ್ತವೆ. ಆದ್ದರಿಂದ ಹೊರಬರಲು ದಾರಿಯಿಲ್ಲದ ಕಡೆ ಒಳಗೆ ಹೋಗಲೇಬಾರದು. ಗಾಡಿಮನೆಯ ಶಾಸ್ತ್ರವೆಲ್ಲ ಇಷ್ಟೇ. ಈ ಶಾಸ್ತ್ರವನ್ನು ಹಾಲಿಸ್ ಮೊನ್ನೆ ಸ್ಮಶಾನದಲ್ಲಿ ಮುರಿದಿದ್ದ.

"ಹಾಲಿಸ್, ಇದು ಸ್ಮಶಾನದ ದಾರಿ."

"ಪೆಕಾನ್ ಪೈ ಬೇಕರಿ ಅಂತ ಬೋರ್ಡಲ್ಲಿ ಬಾಣ ಇತ್ತು, ಅದಕ್ಕೇ—"

"ಬಾಣ ನೆಟ್ಟಗೆ ಹೋಗು ಅಂತಿತ್ತು. ಇಲ್ಲಿ ತಿರುಗು ಅಂತ ಯಾರು ಹೇಳಿದ್ರು?"

"ನಾನು ಅಂದ್ಕೊಂಡಿದ್ದು ಏನಂದ್ರೆ—"

"ನೀನು ಅಂದ್ಕೋಬೇಡ! ನೀನು ಏನಾದ್ರೂ ಅಂದ್ಕೊಂಡಾಗಲೆಲ್ಲ ಹಿಂಗೇ ಆಗೋದು!"

ಸ್ಮಶಾನದ ಬಾಗಿಲಿಗೆ ಬೀಗ. ತಿರುಗಿಸಲು ಜಾಗವಿಲ್ಲ. ಹಿಂದೆ ನೋಡಿದರೆ, ಅಯ್ಯೋ ದೇವರೇ, ಶವದ ವಾಹನ! ಅದರ ಹಿಂದೆ ದೀಪ ಹಚ್ಚಿಕೊಂಡ ಕಾರುಗಳ ಸಾಲು! ಹಾಲಿಸ್ ಗಾಬರಿಯಲ್ಲಿ ಒಂದೇ ಒಂದು ಗೇಣು ಹಿಂದಕ್ಕೆ ಬಿಟ್ಟ. ಪಿನ್ನುಗಳು ಕಚ್ಚಿಕೊಂಡವು. ಅಳುತ್ತ ಬಂದಿದ್ದ ನೆಂಟರೆಲ್ಲ ಕೋಟು ಕಳಚಿ ಕಾರು ಅಲ್ಲಾಡಿಸಿದರು. ಪಾದ್ರಿ ಪ್ರಾರ್ಥನೆಯ ಪುಸ್ತಕ ಬದಿಗಿಟ್ಟು ಸುತ್ತಿಗೆ ಹಿಡಿದ. ಸತ್ತವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕೈಹಾಕಿದ ಮೇಲೆ ಪಿನ್ನು ಬಿಟ್ಟಿತು. ಆರ್ಡಿತ್ ವಿಧವೆಯ ಬಳಿ ಹೋಗಿ ಕೈ ಹಿಡಿದು ಕ್ಷಮೆ ಕೇಳಿದಳು. ಆಕೆ ಹಾಲಿಸ್‌ನನ್ನೂ ಶವದ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, "ನಮ್ಮವರೂ ಹಿಂಗೇ ಇದ್ರು ಕಣಮ್ಮ. ಈಗ ನೋಡಿ, ಎಷ್ಟು ತೆಪ್ಪಗಿದಾರೆ" ಎಂದಳು.

ಆ ಮಾತು ಆರ್ಡಿತ್‌ಳನ್ನು ಎರಡು ದಿನ ಕೊರೆಯಿತು. ಹಾಲಿಸ್ ತೆಪ್ಪಗಾಗುವವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ.

ಉಪಾಯ ಸರಳವಾಗಿತ್ತು. ಹೊರಡುವ ದಿನ ಬೆಳಿಗ್ಗೆ ಹಾಲಿಸ್ ಗಾಡಿಯ ಬಚ್ಚಲ ಕೊಳಚೆ ತೊಟ್ಟಿಯನ್ನು ಕೊಳವೆ ಹಾಕಿ ಖಾಲಿ ಮಾಡುತ್ತಾನೆ; ಹಿಂದೆ ಕಾರು ಕಟ್ಟುವುದು ಅದಾದ ಮೇಲೆ. ಆ ಘನಕಾರ್ಯದಲ್ಲಿದ್ದಾಗ ಅವನಿಗೆ ಲೋಕದ ಪರಿವೆಯಿರುವುದಿಲ್ಲ. ಅಷ್ಟರಲ್ಲಿ ಸೂಟ್‌ಕೇಸ್ ಕಾರಿಗೆ ಹಾಕಿ ಭರ್ರೆಂದು ಹೋಗಿಬಿಡುವುದು! ಮಲಗುವ ಕೋಣೆಗೆ ನಾಯಿ ಗ್ರೇವಿಯನ್ನು ಸೇರಿಸಿ, ರೇಡಿಯೊ ಹಚ್ಚಿ, ಬಾಗಿಲೆಳೆದಳು. ತಾನು ಒಳಗೆ ಮುನಿಸಿಕೊಂಡು ಮಲಗಿದ್ದೇನೆಂದು ಅವನು ತಿಳಿಯಲಿ. "ಮುಂದಿನ ಊರು ಬರೋವರೆಗೂ ನನ್ನ ಮಾತಾಡಿಸ್ಬೇಡ" ಎಂದು ಹೇಗೂ ಹೇಳಿಯಾಗಿತ್ತು.

ಬಟ್ಟೆ ಒಗೆಯುವ ಕೋಣೆಯ ಹಿಂದಿನಿಂದ ಬಗ್ಗಿ ಬಗ್ಗಿ ಬಂದು, ಕಾರಿನ ಹಿಂದಿನ ಸೀಟಿಗೆ ಸೂಟ್‌ಕೇಸ್ ತಳ್ಳಿ, ಮುಂದೆ ಕೂತು, ಬೆಲ್ಟು ಬಿಗಿದು, ಕೀಲಿ ತಿರುಗಿಸಿದಳು.

ಸದ್ದಿಲ್ಲ.

ಮತ್ತೆ ತಿರುಗಿಸಿದಳು. ಕಪ್ಪೆ ಗೊಟರ್ ಅನ್ನಲಿಲ್ಲ. ಆಗ ತಲೆಯೆತ್ತಿ ಮುಂದೆ ನೋಡಿದಳು. ಕಬ್ಬಿಣದ ತೋಳು ಎರಡೂ ಕಡೆ ಸಿಕ್ಕಿಕೊಂಡಿತ್ತು. ಪಿನ್ನು ಬಿದ್ದಿತ್ತು. ಸರಪಳಿ ಹಾಕಿಯಾಗಿತ್ತು. ಕಾರಿನ ಬ್ಯಾಟರಿ ತಂತಿಯನ್ನೂ ಬಿಚ್ಚಿದ್ದ. ಮದುವೆಯಾದಾಗಿನಿಂದ ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದ ಗಂಡ, ಇವತ್ತು ಹೊತ್ತಿಗೆ ಮೊದಲೇ ಮಾಡಿ ಮುಗಿಸಿದ್ದ!

"ದರಿದ್ರದವನೇ!" ಎಂದು ಆರ್ಡಿತ್ ಬೆಲ್ಟಿನ ಗುಂಡಿಗೆ ಕೈಹಾಕುವಷ್ಟರಲ್ಲಿ ಗಾಡಿಮನೆ ಹೊಗೆಯುಗುಳಿ ಹೊರಟೇಬಿಟ್ಟಿತು. ಕಪ್ಪೆ ಹಿಂದೆ ಹೊರಟಿತು. ಕಪ್ಪೆಯ ಹೊಟ್ಟೆಯಲ್ಲಿ, ಗಂಡನನ್ನು ಬಿಟ್ಟು ಹೊರಟಿದ್ದ ಆರ್ಡಿತ್ ಗಂಡನ ಹಿಂದೆಯೇ ಹೊರಟಳು.

ಹಾರ್ನ್ ಒತ್ತಿದಳು. ಸತ್ತಿತ್ತು. ಕಿಟಕಿ ಇಳಿಸಲು ನೋಡಿದಳು. ಇಳಿಯಲಿಲ್ಲ. ಫೋನ್? ಅಡುಗೆಕಟ್ಟೆಯ ಮೇಲೆ ಚಾರ್ಜಿಗಿಟ್ಟಿದ್ದು ಅಲ್ಲೇ ಉಳಿದಿತ್ತು. ಅವಳ ಕಣ್ಣೆದುರಿಗೇ ಸ್ಟೀರಿಂಗ್ ಚಕ್ರ ತನ್ನಷ್ಟಕ್ಕೆ ತಾನೇ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ದೆವ್ವ ಹೊಕ್ಕಂತೆ. ಹಿಡಿದು ನಿಲ್ಲಿಸಲು ಹೋದವಳ ಹೆಬ್ಬೆರಳಿಗೆ ಪೆಟ್ಟು ಬಿತ್ತು. ಮುಂದೆ ನೋಡಿದರೆ ಸ್ವಂತ ಮನೆಯ ಬೆನ್ನು. ಅದರ ಮೇಲೆ ಹಾಲಿಸ್ ದೊಡ್ಡಕ್ಷರದಲ್ಲಿ ಬರೆಸಿದ್ದ ಘೋಷಣೆ: "ಹಾಲಿಸ್ ಮತ್ತು ಆರ್ಡಿತ್: ಎಲ್ಲಿಗೆ ಹೋದರೂ ಒಟ್ಟಿಗೆ!"

"ಒಟ್ಟಿಗಂತೆ, ಒಟ್ಟಿಗೆ!" ಎಂದು ಆರ್ಡಿತ್ ಹಲ್ಲು ಕಡಿದಳು.

ತಂಗುದಾಣದ ಮಣ್ಣುದಾರಿ ಹೆದ್ದಾರಿ ಸೇರುವಲ್ಲಿ 'ನಿಲ್ಲಿ' ಎಂಬ ಫಲಕವಿತ್ತು. ದೇವರು ದೊಡ್ಡವನು! ಗಾಡಿ ನಿಂತಿತು. ಆರ್ಡಿತ್ ಬೆಲ್ಟು ಬಿಚ್ಚಿ, ಬಾಗಿಲು ತೆರೆದು, ಬಲಗಾಲು ಒಳಗಿರುವಂತೆಯೇ ಎಡಗಾಲು ಹೊರಗಿಟ್ಟಳು. ಗಾಡಿ ಹೊರಟಿತು. ನ್ಯೂ ಮೆಕ್ಸಿಕೊದ ನೆಲದ ಮೇಲೆ ಅವಳು ನಾಲ್ಕಾರು ಹೆಜ್ಜೆ ಒಂಟಿಗಾಲಲ್ಲಿ ಕುಪ್ಪಳಿಸಿದಳು, ಥೇಟ್ ಕಪ್ಪೆಯಂತೆ. ಕೊನೆಗೆ ಕಾಲೆಳೆದುಕೊಂಡು ಬಾಗಿಲು ಹಾಕಿದಳು. ಚಪ್ಪಲಿಯೊಂದು ರಸ್ತೆಯಲ್ಲೇ ಉಳಿಯಿತು.

ಹೆದ್ದಾರಿ ಗೀಟು ಎಳೆದಂತೆ ಉತ್ತರಕ್ಕೆ ಹೋಗುತ್ತಿತ್ತು. ಎರಡೂ ಕಡೆ ಕುರುಚಲು, ದೂರದಲ್ಲಿ ಬೋಳು ಬೆಟ್ಟ. ಎದುರಿನಿಂದ ಒಂದು ಗಾಡಿಮನೆ ಬಂತು. ಆರ್ಡಿತ್ ಎರಡೂ ಕೈಯೆತ್ತಿ ಜೋರಾಗಿ ಬೀಸಿದಳು. ಅದರಲ್ಲಿದ್ದ ಮುದುಕ ಮುದುಕಿ ಇಬ್ಬರೂ ನಗುನಗುತ್ತ ಕೈಬೀಸಿ ಹೋದರು. ಇನ್ನೊಂದು ಬಂತು. ಆರ್ಡಿತ್ ಗಾಜಿಗೆ ಮುಖವೊತ್ತಿ, "ಕಾಪಾಡಿ!" ಎಂದು ಬಾಯಿಬಾಯಿ ಬಡಿದುಕೊಂಡಳು. ಅವರೂ ಕೈಬೀಸಿದರು. ಗಾಡಿಮನೆಯವರು ರಸ್ತೆಯಲ್ಲಿ ಎದುರಾದಾಗ ಕೈಬೀಸುವುದು ಪದ್ಧತಿ. ಬೀಸದಿದ್ದರೆ ಅವಮಾನ. ಈ ಪದ್ಧತಿಯನ್ನು ಹಾಲಿಸ್ ಮರೆತಾಗಲೆಲ್ಲ "ಮರ್ಯಾದೆ ಗೊತ್ತಿಲ್ವಾ ನಿನಗೆ?" ಎಂದು ಗದರುತ್ತಿದ್ದವಳು ಅವಳೇ. ಈಗ ಊರಿಗೆ ಊರೇ ಅವಳಿಗೆ ಮರ್ಯಾದೆ ತೋರಿಸುತ್ತಿತ್ತು. ಸಾಯುವವಳಿಗೂ ಕೈಬೀಸಿ ಹೋಗುವ ಜನ!

ಕಡೆಗೆ ಒಂದು ಹಳೆಯ ಪಿಕಪ್ ವಾಹನ ಪಕ್ಕದಿಂದ ಹಾದುಹೋಯಿತು. ಅದರಲ್ಲಿದ್ದ ಹೆಂಗಸು ಕೈಬೀಸಲಿಲ್ಲ. ಕಣ್ಣು ಅಗಲಿಸಿ ನೋಡಿ ಫೋನ್ ಕೈಗೆತ್ತಿಕೊಂಡಳು. ಆರ್ಡಿತ್ ಅದನ್ನು ಗಮನಿಸಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ವಾಕಿಟಾಕಿಯ ನೆನಪಾಗಿತ್ತು!

ಗಾಡಿ ನಿಲ್ಲಿಸುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಮಾತಾಡಲು ಇಬ್ಬರ ಬಳಿಯೂ ಒಂದೊಂದು ವಾಕಿಟಾಕಿ ಇತ್ತು. ಅವಳದ್ದು ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇತ್ತು. ಆರ್ಡಿತ್ ಇಪ್ಪತ್ತೆಂಟು ವರ್ಷ ಲಾರಿ ಕಂಪನಿಯಲ್ಲಿ ವೈರ್‌ಲೆಸ್ ಮುಂದೆ ಕೂತು ಚಾಲಕರಿಗೆ ಅಪ್ಪಣೆ ಕೊಟ್ಟವಳು. ಆ ಪೆಟ್ಟಿಗೆ ಕೈಗೆ ಬಂದರೆ ಸಾಕು, ರಾಜದಂಡ ಬಂದಂತೆ. ಗುಂಡಿ ತಿರುಗಿಸಿ, "ಹಾಲಿಸ್! ನಿಲ್ಸು ಗಾಡೀನ!" ಎಂದು ಅಬ್ಬರಿಸಿದಳು.

ಅತ್ತಲಿಂದ ಉತ್ತರ ಬರಲಿಲ್ಲ. ಬದಲಿಗೆ ಹಾಲಿಸ್‌ನ ಧ್ವನಿ ತನ್ನ ಪಾಡಿಗೆ ಹರಿಯುತ್ತಿತ್ತು.

"...ಹಿಂದಿನ ಟೈರಿಗೆ ನೂರಹತ್ತು ಗಾಳಿ ಇರ್ಬೇಕು. ನೂರೈದು ಇದೆ. ನೂರೈದಕ್ಕೂ ಓಡುತ್ತೆ, ಇಲ್ಲ ಅಂತಲ್ಲ. ಆದ್ರೆ ಬಿಸಿಲು ಏರಿದ ಮೇಲೆ ಗಾಳಿ ಹಿಗ್ಗುತ್ತಲ್ಲ, ಆವಾಗ ಏನಾಗುತ್ತೆ ಅಂದ್ರೆ..."

ಆರ್ಡಿತ್‌ಗೆ ಎಲ್ಲ ಅರ್ಥವಾಯಿತು. ಮಾತಾಡುವ ಗುಂಡಿಯನ್ನು ಒಬ್ಬರು ಒತ್ತಿ ಹಿಡಿದರೆ ಇನ್ನೊಬ್ಬರ ಮಾತು ಹೋಗುವುದಿಲ್ಲ. ಇವನು ಮತ್ತೆ ಅದರ ಮೇಲೆ ಕೂತಿದ್ದಾನೆ! ಹೋದ ಬೇಸಿಗೆಯಲ್ಲೂ ಹಾಗೇ ಕೂತು ನಿದ್ದೆ ಹೋಗಿ, ಇಡೀ ತಂಗುದಾಣಕ್ಕೆ ತನ್ನ ಗೊರಕೆಯ ನೇರ ಪ್ರಸಾರ ಮಾಡಿದ್ದ.

"ಏಳೋ! ಅದರ ಮೇಲಿಂದ ಏಳೋ!" ಎಂದು ಕೂಗಿದಳು. ವಾಕಿಟಾಕಿ ಕೀಂ ಎಂದಿತು, ಅಷ್ಟೇ.

"ಆರ್ಡಿತ್," ಎಂದ ಹಾಲಿಸ್, ಟೈರಿನ ಪುರಾಣ ಮುಗಿಸಿ. "ನೀನು ಕೇಳಿಸ್ಕೋತಿದೀಯ ಅಂತ ಇಟ್ಕೊಂಡೇ ಮಾತಾಡ್ತೀನಿ. ಬಾಗಿಲು ಹಾಕ್ಕೊಂಡು ಕೂತವರ ಹತ್ರ ಮಾತಾಡೋದು ಎಷ್ಟೋ ಸುಲಭ."

ಪಾಪ, ನಾನು ಮಲಗುವ ಕೋಣೆಯಲ್ಲಿದ್ದೇನೆಂದು ತಿಳಿದು ನಾಯಿಗೆ ಹೇಳುತ್ತಿದ್ದಾನೆ ಎಂದುಕೊಂಡಳು ಆರ್ಡಿತ್.

"ನೀನು ಮಾಡೋ ಟ್ಯೂನಾ ಮೀನಿನ ನೂಡಲ್ಸ್ ಇದೆಯಲ್ಲ, ಅದರ ವಿಷಯ ಮದುವೆ ಆದಾಗಿನಿಂದ ಹೇಳ್ಬೇಕು ಅಂತಿದ್ದೆ." ನಿಟ್ಟುಸಿರು. "ಇರಲಿ, ಬೇಡ ಬಿಡು."

"ಏನು? ಏನಂತೆ ಅದಕ್ಕೆ?" ಆರ್ಡಿತ್ ಮುಂದಕ್ಕೆ ಬಾಗಿದಳು.

"ಬೇಡ. ನಿನಗೆ ಬೇಜಾರಾಗುತ್ತೆ."

"ಹೇಳೋ ಮಹರಾಯ!"

"ಉಪ್ಪು ಜಾಸ್ತಿ."

"ನಿನ್ನ ತಲೆ ಜಾಸ್ತಿ!" ಆರ್ಡಿತ್ ತಾನೇ ತಿರುಗುತ್ತಿದ್ದ ಸ್ಟೀರಿಂಗಿಗೆ ಗುದ್ದಿದಳು. "ತಟ್ಟೆ ನೆಕ್ಕಿ ನೆಕ್ಕಿ ತಿಂದವನು ಯಾರು? ನಿಮ್ಮಜ್ಜನಾ?"

"ತಟ್ಟೆ ಖಾಲಿ ಮಾಡ್ತಿದ್ದೆ, ಯಾಕಂದ್ರೆ ಉಳಿಸಿದ್ರೆ ಮಾರನೇ ದಿನ ಅದನ್ನೇ ಬಿಸಿ ಮಾಡ್ತಿದ್ದೆ ನೀನು."

ಆರ್ಡಿತ್ ಬಾಯಿ ತೆರೆದಳು. ಉತ್ತರ ಸಿದ್ಧವಿತ್ತು, ಒಂದಲ್ಲ, ನಾಲ್ಕು. ಆದರೆ ಹೇಳುವುದು ಯಾರಿಗೆ? ಹೇಳಬೇಕಾದ ಮಾತು ಗಂಟಲಲ್ಲಿ ನಿಂತು ಸುತ್ತತೊಡಗಿತು. ಇಂಥ ಹಿಂಸೆ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಾತು ಒಳಗೇ ಉಳಿದರೆ ಕಿವಿ ಬಿಸಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ ಎಂಬುದು ಅವಳಿಗೆ ಮೊದಲ ಸಲ ತಿಳಿಯಿತು. ಮನುಷ್ಯರು ಹೀಗೆ ಬದುಕುವುದಾದರೂ ಹೇಗೆ?

"ಈ ಗಾಡಿ ಯಾಕೆ ತಗೊಂಡೆ ಗೊತ್ತಾ?" ಹಾಲಿಸ್‌ನ ಧ್ವನಿ ಮುಂದುವರಿಯಿತು.

"ದೇಶ ನೋಡೋಕೆ! ಸಿಕ್ಕಸಿಕ್ಕವರಿಗೆಲ್ಲ ಡಂಗುರ ಹೊಡ್ಕೊಂಡು ಬಂದಿದೀಯಲ್ಲ!"

"ದೇಶ ನೋಡೋಕೆ ಅಂತ ಎಲ್ಲರಿಗೂ ಹೇಳ್ದೆ. ದೇಶ ಕಟ್ಕೊಂಡು ನನಗೇನಾಗ್ಬೇಕು? ಒಂದು ಬೆಟ್ಟ ನೋಡಿದ್ರೆ ಎಲ್ಲ ಬೆಟ್ಟ ನೋಡಿದ ಹಾಗೇ. ವಿಷಯ ಅದಲ್ಲ. ಆ ದೊಡ್ಡ ಮನೇಲಿ ಮೇಲೆ ನೀನು, ಕೆಳಗೆ ನಾನು. 'ಊಟಕ್ಕೆ ಬಾ' ಅಂತ ನೀನು ಕೂಗೋದು, 'ಬಂದೆ' ಅಂತ ನಾನು ಅನ್ನೋದು. ನಿವೃತ್ತಿ ಆದ್ಮೇಲೆ ಇಡೀ ದಿನಕ್ಕೆ ನಮ್ಮ ಮಾತು ಅಂದ್ರೆ ಅಷ್ಟೇ. ಉಳಿದದ್ದೆಲ್ಲ ನೀನು ಲವೋನ್ ಹತ್ರ ಆಡೋದು. ಎಂಟಡಿ ಅಗಲದ ಮನೆ ತಗೊಂಡ್ರೆ ಎಲ್ಲಿಗೆ ಹೋಗ್ತಾಳೆ, ನನ್ನ ಎದುರಿಗೇ ಇರ್ತಾಳಲ್ಲ, ಅಂತ ತಗೊಂಡೆ."

ಎದುರಿನಿಂದ ಬಂದ ಗಾಡಿಮನೆಯವರು ಕೈಬೀಸಿದರು. ಆರ್ಡಿತ್‌ಗೆ ಕೈಯೆತ್ತಲೂ ತೋಚಲಿಲ್ಲ.

"ಎದುರಿಗೇನೋ ಇದ್ದೆ," ಎಂದ ಹಾಲಿಸ್. ಹಿಂದೆ ಗ್ರೇವಿ ಬೊಗಳಿತು. "ಸುಮ್ನಿರೋ, ನೀನೂ ನಡುವೆ ಬಾಯಿ ಹಾಕ್ಬೇಡ. ಎದುರಿಗಿದ್ದೆ, ಆದ್ರೆ ನಾನು 'ನಾ' ಅನ್ನೋಷ್ಟರಲ್ಲಿ ನೀನು 'ನೀನು ಸುಮ್ನಿರು' ಅಂತಿದ್ದೆ. ಇರಲಿ. ನನ್ನದೂ ತಪ್ಪಿದೆ. ಸ್ಮಶಾನಕ್ಕೆ ನುಗ್ಗಿಸಿದ್ದು ನಾನೇ. ಪೈ ನಿನಗೆ ಇಷ್ಟ ಅಂತ ಹೊರಟಿದ್ದೆ, ಅಷ್ಟೇ."

ಆರ್ಡಿತ್ ಮೂಗೊರೆಸಿಕೊಳ್ಳಲು ಕರವಸ್ತ್ರ ಹುಡುಕಿದಳು. ಸೂಟ್‌ಕೇಸಿನಲ್ಲಿತ್ತು. ತೋಳಿನಲ್ಲೇ ಒರೆಸಿಕೊಂಡಳು.

"ನೀನು ಲವೋನ್ ಮನೆಗೆ ಹೋಗ್ತೀಯ ಅಂತ ನನಗೆ ಗೊತ್ತು. ಎರಡು ದಿನದಿಂದ ನಿದ್ದೇಲೂ ಅದನ್ನೇ ಗೊಣಗ್ತಿದ್ದೆ, ಎಂಟಡಿ ಮನೇಲಿ ಗುಟ್ಟೆಲ್ಲಿ ಉಳಿಯುತ್ತೆ? ಅದಕ್ಕೇ ನಿನ್ನೆ ಸಂಜೆಗೇ ಕಾರು ಕಟ್ಟಿಟ್ಟೆ. ಭಾರಿ ಬುದ್ಧಿವಂತ ಅಂದ್ಕೊಂಡೆ. ಈಗ ನೋಡಿದ್ರೆ, ಹೆಂಡತಿ ಹೋಗ್ದೆ ಇರ್ಲಿ ಅಂತ ಕೊಕ್ಕೆ ಹಾಕೋ ಗಂಡ ಎಂಥ ಗಂಡಸು ಅನ್ನಿಸ್ತಿದೆ. ಡೆಮಿಂಗ್ ಬರ್ಲಿ. ಅಲ್ಲಿ ಎಡಕ್ಕೆ ಹೋದ್ರೆ ಅರಿಜೋನ, ಬಲಕ್ಕೆ ಹೋದ್ರೆ ನೆಬ್ರಾಸ್ಕದ ದಾರಿ. ಕಾರು ಬಿಚ್ಚಿ ಕೊಡ್ತೀನಿ. ನೀನು ಬಲಕ್ಕೆ ಹೋಗೋದಾದ್ರೆ ಹೋಗು. ನಾನು ಚಳಿಗಾಲ ಮುಗಿಯೋವರೆಗೂ ಮರಳುಗಾಡಲ್ಲಿ ಗ್ರೇವಿ ಜೊತೆ—"

ಅಷ್ಟರಲ್ಲಿ ಹಿಂದಿನಿಂದ ಸೈರನ್ ಕೇಳಿಸಿತು.

ಕನ್ನಡಿಯಲ್ಲಿ ಕೆಂಪು, ನೀಲಿ ದೀಪ. ಪೊಲೀಸು! ಗಾಡಿಮನೆ ಮೆಲ್ಲಗೆ ರಸ್ತೆಯ ಅಂಚಿಗೆ ಸರಿದು ನಿಂತಿತು. ದೂರದಲ್ಲಿ ಡೆಮಿಂಗ್ ಊರಿನ ಸಿಗ್ನಲ್ ದೀಪ ಕಾಣುತ್ತಿತ್ತು. ಎಳೆಯ ಪ್ರಾಯದ ಪೊಲೀಸನೊಬ್ಬ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದ. ಎದೆಯ ಮೇಲೆ ಬಾಕಾ ಎಂದು ಹೆಸರು. ಬಾಗಿಲು ತೆರೆದು, ಒಂಟಿ ಚಪ್ಪಲಿಯ, ಕೆಂಪು ಮೂಗಿನ ಹೆಂಗಸನ್ನು ನೋಡಿ ಧ್ವನಿ ತಗ್ಗಿಸಿದ.

"ಮೇಡಂ, ಹೆದರ್ಬೇಡಿ. ನಿಮ್ಮನ್ನ ಯಾರೋ ಬಲವಂತವಾಗಿ ಎಳ್ಕೊಂಡು ಹೋಗ್ತಿದಾರೆ ಅಂತ ಫೋನ್ ಬಂದಿದೆ. ಮುಂದ್ಗಡೆ ಗಾಡೀಲಿರೋನು ಯಾರು?"

"ನನ್ನ ಗಂಡ."

"ಬಲವಂತವಾಗಿ ಎಳ್ಕೊಂಡು ಹೋಗ್ತಿದಾನಾ?"

ಪ್ರಶ್ನೆ ಕಷ್ಟದ್ದಾಗಿತ್ತು. "ಮದುವೆ ಆದಾಗಿನಿಂದ" ಎಂಬ ಉತ್ತರ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹಾಲಿಸ್ ಕೈ ಮೇಲೆತ್ತಿಕೊಂಡು ಬಂದ. ಅವನ ಒಂದು ಕೈಯಲ್ಲಿ ವಾಕಿಟಾಕಿ ಇತ್ತು. ಬ್ರಾಕೊಲಿ ಕಟ್ಟಿಗೆ ಸುತ್ತಿ ಕೊಡುವ ದಪ್ಪ ನೀಲಿ ರಬ್ಬರ್ ಬ್ಯಾಂಡು ಅದರ ಗುಂಡಿಯ ಮೇಲೆ ಮೂರು ಸುತ್ತು ಬಿಗಿದಿತ್ತು.

ಆರ್ಡಿತ್ ಅದನ್ನು ನೋಡಿದಳು. ಬಾಕಾ ಕೂಡ ನೋಡಿದ.

"ಇದೇನ್ರೀ ಇದು?"

"ರಬ್ಬರ್ ಬ್ಯಾಂಡು ಸಾರ್."

"ಗೊತ್ತು. ಯಾಕೆ?"

"ಗುಂಡಿ ಮೇಲೆ ಏಳ್ದೆ ಇರ್ಲಿ ಅಂತ."

ಬಾಕಾನ ಹುಬ್ಬು ಟೋಪಿಯೊಳಗೆ ಹೋಯಿತು. "ಅಂದ್ರೆ ಹೆಂಡತಿ ಹಿಂದಿನ ಕಾರಲ್ಲಿದಾರೆ ಅಂತ ನಿಮಗೆ ಗೊತ್ತಿತ್ತು!"

"ಹೊರಟಾಗ ಗೊತ್ತಿರ್ಲಿಲ್ಲ ಸಾರ್. ಹೆದ್ದಾರಿಗೆ ತಿರುಗಿಸ್ದಾಗ ಪಕ್ಕದ ಕನ್ನಡೀಲಿ ಕಾಣಿಸಿದ್ಲು. ಒಂಟಿಗಾಲಲ್ಲಿ ಕುಪ್ಪಳಿಸಿ ಒಳಗೆ ಹತ್ತಿದ್ಲು."

"ಎಳೆಯೋ ಕಾರಲ್ಲಿ ಜನ ಕೂರೋದು ಅಪರಾಧ ಅಂತ ಗೊತ್ತಾ?"

"ಗೊತ್ತು ಸಾರ್. ಮೂವತ್ತು ವರ್ಷ ಶಾಲೆ ಬಸ್ಸು ಓಡಿಸ್ದೋನು. ಅದಕ್ಕೇ ಇಷ್ಟು ನಿಧಾನ ಬಂದಿದ್ದು."

"ಗೊತ್ತಿದ್ದೂ ಯಾಕ್ರೀ ನಿಲ್ಲಿಸ್ಲಿಲ್ಲ?"

ಹಾಲಿಸ್ ತಲೆ ತಗ್ಗಿಸಿದ. "ಬಸ್ಸಲ್ಲಿ ಅರವತ್ತು ಮಕ್ಕಳು ಸಾರ್. ಒಂದು ದಿನ ಒಂದು ಮಾತು ಪೂರ್ತಿ ಮಾಡೋಕೆ ಬಿಟ್ಟೋರಲ್ಲ. ಸಂಜೆ ಮನೆಗೆ ಬಂದ್ರೆ—"

"ಮನೆಗೆ ಬಂದ್ರೆ ಏನು? ಏನಾಗ್ತಿತ್ತು ಮನೆಗೆ ಬಂದ್ರೆ?" ಆರ್ಡಿತ್ ನುಗ್ಗಿದಳು.

ಬಾಕಾ ತಿರುಗಿ ಅವಳನ್ನು ನೋಡಿದ. ಹಾಲಿಸ್ ಬಾಕಾನನ್ನು ನೋಡಿದ. ಆರ್ಡಿತ್‌ಳ ಕಿವಿ ತಾನಾಗಿಯೇ ಕೆಂಪಾಯಿತು.

"ಮೇಡಂ," ಎಂದ ಬಾಕಾ ಕೆಮ್ಮಿ. "ಎಚ್ಚರಿಕೆ ಕೊಟ್ಟು ಬಿಡ್ತೀನಿ. ಆದ್ರೆ ಹಿಂಗೆ ಮುಂದೆ ಹೋಗೋ ಹಾಗಿಲ್ಲ. ಒಂದೋ ನೀವು ಗಂಡನ ಜೊತೆ ಮುಂದಿನ ಗಾಡೀಲಿ ಕೂತ್ಕೊಳ್ಳಿ. ಇಲ್ಲ ಕಾರು ಬಿಚ್ಚಿಸ್ಕೊಂಡು ನಿಮ್ಮ ದಾರಿ ನೀವು ನೋಡ್ಕೊಳ್ಳಿ. ಯಾವ್ದು, ಈಗಲೇ ಹೇಳಿ. ಲಾರಿಗಳು ಬರ್ತವೆ, ಇಲ್ಲಿ ನಿಲ್ಲೋ ಹಾಗಿಲ್ಲ."

ಆರ್ಡಿತ್ ಯೋಚಿಸಲು ಸ್ವಲ್ಪ ಹೊತ್ತು ಬೇಕಿತ್ತು. ಯಾರೂ ಕೊಡಲಿಲ್ಲ. ಹಾಲಿಸ್ ಆಗಲೇ ಮಂಡಿಯೂರಿ ಪಿನ್ನಿಗೆ ಕೈಹಾಕಿದ್ದ. ಸರಿ, ಈಗ ಪಿನ್ನು ಕಚ್ಚಿಕೊಳ್ಳುತ್ತದೆ, ಅರ್ಧ ಗಂಟೆ ಗುದ್ದಾಡುತ್ತಾನೆ, ಅಷ್ಟರಲ್ಲಿ ಯೋಚಿಸಿದರಾಯಿತು ಎಂದುಕೊಂಡಳು. ಪಿನ್ನು ಬೆಣ್ಣೆಯಿಂದ ಕೂದಲೆಳೆದಂತೆ ಹೊರಬಂತು! ಎರಡನೆಯದೂ ಬಂತು! ಸರಪಳಿ ಬಿಚ್ಚಿತು. ಕಾರಿನ ಮೂತಿಯೆತ್ತಿ ಬ್ಯಾಟರಿಯ ತಂತಿ ಸಿಕ್ಕಿಸಿದ. ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಗುರ್ ಎಂದಿತು. ಕೆಲಸ ಕೆಡಿಸುವುದರಲ್ಲಿ ಎಂದೂ ಸೋಲದ ಗಂಡ, ಕೆಡಿಸಲೇಬೇಕಾದ ಈ ಒಂದು ಹೊತ್ತಿನಲ್ಲಿ ಕೈಕೊಟ್ಟಿದ್ದ!

"ಆಯ್ತು," ಎಂದ ಹಾಲಿಸ್, ಕೈಯೊರೆಸಿಕೊಳ್ಳುತ್ತ. ರಬ್ಬರ್ ಬ್ಯಾಂಡು ಬಿಚ್ಚಿ ಜೇಬಿಗೆ ಹಾಕಿಕೊಂಡು, ಗಾಡಿಯೊಳಗಿಂದ ಅವಳ ಫೋನ್ ತಂದುಕೊಟ್ಟ. "ಫೋನ್ ಅಡುಗೆಕಟ್ಟೆ ಮೇಲಿತ್ತು, ತಗೋ. ದಾರೀಲಿ ಚಪ್ಪಲಿ ಕೊಂಡ್ಕೋ." ಇನ್ನೂ ಏನೋ ಹೇಳಲು ಬಾಯಿ ತೆರೆದು, ಅಭ್ಯಾಸಬಲದಿಂದ ನಿಲ್ಲಿಸಿದ. ಆರ್ಡಿತ್ ಏನೂ ಅಡ್ಡ ಹೇಳಲಿಲ್ಲ. ಆದರೂ ಅವನು ಮುಂದೆ ಹೇಳಲಿಲ್ಲ. ಹೋಗಿ ಗಾಡಿ ಹತ್ತಿದ.

ಪೊಲೀಸು ಹೋದ. ಗಾಡಿಮನೆ ಹೊರಟಿತು. ಹಿಂದೆ ಏನೂ ಕಟ್ಟಿರದಿದ್ದರಿಂದ ಅದು ಬಾಲ ಕತ್ತರಿಸಿಕೊಂಡ ಪ್ರಾಣಿಯಂತೆ ಕಾಣಿಸಿತು. ಆರ್ಡಿತ್ ಸ್ವಂತ ಕಾರಿನಲ್ಲಿ, ಸ್ವಂತ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹಿಂದೆ ಹೊರಟಳು. ಸಿಗ್ನಲ್‌ವರೆಗೂ ಇದ್ದದ್ದು ಒಂದೇ ದಾರಿ, ಅವನ ಹಿಂದೆ ಹೋಗದೆ ಉಪಾಯವಿರಲಿಲ್ಲ. ಸಿಗ್ನಲ್ ಬಂದ ಕೂಡಲೇ ಬಲಕ್ಕೆ! ಹೊಸ ಹೊದಿಕೆಯ ಹಾಸಿಗೆ! ಇನ್ನು ಉಪ್ಪು ಜಾಸ್ತಿ ಅನ್ನುವವರಿಲ್ಲ, ತಟ್ಟೆ ಖಾಲಿ ಮಾಡುವವರೂ ಇಲ್ಲ. ಲವೋನ್ ಮೀನು ಮುಟ್ಟುವುದಿಲ್ಲ. ಅವಳಿಗೆ ಯಾರನ್ನಾದರೂ ಮಾತಾಡಲು ಬಿಡುವ ಪದ್ಧತಿಯೂ ಇಲ್ಲ. ಆರ್ಡಿತ್ ಒಬ್ಬಳನ್ನು ಬಿಟ್ಟರೆ ಲೋಕದಲ್ಲಿ ಅಷ್ಟು ಮಾತಾಡುವ ಹೆಂಗಸು ಇನ್ನೊಬ್ಬಳಿಲ್ಲ. ಆ ಮನೆಯಲ್ಲಿ ಇವಳ ಪಾಡೇನು?

ಸಿಗ್ನಲ್‌ನಲ್ಲಿ ಕೆಂಪು ದೀಪ. ಗಾಡಿಮನೆ ನಿಂತಿತು. ಅದರ ಬಲಗಡೆಯ ಹಳದಿ ದೀಪ ಮಿಣುಕತೊಡಗಿತು.

ಆರ್ಡಿತ್ ನೋಡಿದಳು. ನನಗೇನಂತೆ ಎಂದುಕೊಂಡಳು. ತುಟಿ ಕಚ್ಚಿದಳು. ದೀಪ ಮಿಣುಕುತ್ತಲೇ ಇತ್ತು. ಹತ್ತು ಟನ್ನಿನ ಗಾಡಿಯನ್ನು ತಪ್ಪು ದಾರಿಗೆ ಹಾಕಿಕೊಂಡು, ಯಾವ ಊರಿನ ಯಾವ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೋ! ಸಹಿಸಲು ನೋಡಿದಳು. ಆಗಲಿಲ್ಲ. ವಾಕಿಟಾಕಿ ಎತ್ತಿ ಗುಂಡಿ ಒತ್ತಿದಳು.

"ಹಾಲಿಸ್! ಬಲಕ್ಕೆ ದೀಪ ಹಾಕಿದೀಯಲ್ಲೋ, ಎಲ್ಲಿದೆ ನಿನ್ನ ಕಣ್ಣು? ಎಡಕ್ಕೆ ಹೋಗ್ಬೇಕು! ಎಡಕ್ಕೆ!"

ಗೊರಗೊರ ಸದ್ದಾಯಿತು.

"ಗೊತ್ತು," ಎಂದ ಹಾಲಿಸ್.

"ಗೊತ್ತಿದ್ರೆ ಮತ್ಯಾಕೋ ಬಲಕ್ಕೆ—"

"ನೀನು ಯಾವ ಕಡೆಗೆ ಹೋಗ್ಬೇಕು ಅಂತೀಯೋ ಕೇಳೋಣ ಅಂತ."

ಹಸಿರು ದೀಪ ಬಂತು. ಗಾಡಿಮನೆಯ ಬಲದೀಪ ಆರಿ ಎಡದೀಪ ಹತ್ತಿತು, ಅದು ಎಡಕ್ಕೆ ತಿರುಗಿ ಹೋಯಿತು. ಆರ್ಡಿತ್ ಬಾಯಿ ತೆರೆದಳು. ಗುಂಡಿಯ ಮೇಲೆ ಬೆರಳಿತ್ತು, ಅಡ್ಡಪಡಿಸುವವರು ಯಾರೂ ಇರಲಿಲ್ಲ. ಅಷ್ಟಿದ್ದೂ ಆ ಬಾಯಿಗೆ ಒಂದಕ್ಷರ ಸಿಗಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಒತ್ತಿ ಬೇಸತ್ತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಅಮ್ಮಾ, ನೀವೂ ಎಡಕ್ಕೆ ದೀಪ ಹಾಕಿದೀರಲ್ಲ, ಹೋಗಿ ಮತ್ತೆ!"